ಕನ್ನಡಿಯಕ್ಕನ ಬೀದಿಗೆ ಕಸ ಬೇಕಾಯಿತು

ಕನ್ನಡಿಯಕ್ಕ ಗುಡಿಸುವ ಬೀದಿಯಲ್ಲಿ ಇರುವೆಗಳು ಹೊಟ್ಟೆಗಿಲ್ಲದೆ ಬಡಕಲಾಗಿ ಗಂಟುಮೂಟೆ ಕಟ್ಟಿಕೊಂಡು ಹೋದವು ಎಂದರೆ ನೀವು ನಂಬಲಿಕ್ಕಿಲ್ಲ. ನಂಬಬೇಡಿ. ಆದರೆ ಅಲ್ಲಿನ ಕಾಗೆಗಳು ಊಟಕ್ಕೆ ಬೇರೆ ಕಡೆ ಹೋಗಿ, ಮಲಗುವುದಕ್ಕೆ ಮಾತ್ರ ಈ ಬೀದಿಗೆ ಬರುತ್ತಿದ್ದುದನ್ನು ಕಣ್ಣಾರೆ ಕಂಡವರು ಇನ್ನೂ ಇದ್ದಾರೆ. ಮೂಲೆಯ ಕ್ಷೌರದಂಗಡಿಯವನಂತೂ ತನ್ನ ಕನ್ನಡಿ ಒಡೆದಾಗ ಹೊಸದು ತರಲು ಅವಸರವನ್ನೇ ಮಾಡಲಿಲ್ಲ. ಗಿರಾಕಿಯನ್ನು ಹೊರಗೆ ಕರೆದುಕೊಂಡು ಬಂದು, "ಸ್ವಲ್ಪ ಬಗ್ಗಿ ನೆಲ ನೋಡ್ಕೊಳಿ ಸಾರ್, ಕ್ರಾಪು ಸರಿಯಾಗಿದೆಯಾ?" ಎನ್ನುತ್ತಿದ್ದನಂತೆ. ಆಕೆಗೆ ಆ ಹೆಸರು ಬಿದ್ದದ್ದು ಅಲ್ಲಿಂದ. ಹೆತ್ತವರು ಇಟ್ಟ ಹೆಸರು ಇನ್ನೊಂದಿದೆ. ಅದು ಆಫೀಸಿನ ಹಾಜರಿ ಕೂಗುವಾಗ ಮಾತ್ರ ಕೇಳಿಬರುತ್ತದೆ, ಆಗಲೂ ಆಕೆ ಯಾರನ್ನೋ ಕೂಗುತ್ತಿದ್ದಾರೆಂದು ಹಿಂದೆ ತಿರುಗಿ ನೋಡುತ್ತಾಳೆ.

ಆಳು ಗಿಡ್ಡ, ಗಟ್ಟಿಮುಟ್ಟು. ದನಿ ಮಾತ್ರ ಮೂರು ಆಳಿನದು. ಅವಳಮ್ಮ ಗುಡಿಸಿದ್ದೂ ಇದೇ ಬೀದಿಯನ್ನೇ. ಹಾಗಾಗಿ ಕನ್ನಡಿಯಕ್ಕ ಅಂಬೆಗಾಲಿಟ್ಟದ್ದು, ಬಿದ್ದದ್ದು, ಹಲ್ಲು ಮುರಿದುಕೊಂಡದ್ದು ಎಲ್ಲ ಇದೇ ನೆಲದ ಮೇಲೆ. ಪೊರಕೆ ಕೈಗೆ ಬಂದ ಮೇಲೆ ಬೀದಿ ತನ್ನ ಸ್ವಂತದ್ದು, ಮನೆಗಳಲ್ಲಿರುವವರೆಲ್ಲ ತನ್ನ ಬಾಡಿಗೆದಾರರು ಎಂಬಂತೆ ನಡೆದುಕೊಂಡಳು. ಒಮ್ಮೆ ಟೈ ಕಟ್ಟಿದ ಒಬ್ಬ ಕಡಲೆಕಾಯಿ ತಿನ್ನುತ್ತ ಸಿಪ್ಪೆ ಉದುರಿಸಿಕೊಂಡು ಹೋದ. ಕನ್ನಡಿಯಕ್ಕ ಒಂದೊಂದೇ ಸಿಪ್ಪೆ ಆರಿಸಿಕೊಳ್ಳುತ್ತ ಅವನ ಹಿಂದೆಯೇ ಹೋದಳು, ಬಸ್ಸು ಹತ್ತಿದಳು, ಬಸ್ಸು ಇಳಿದಳು, ಅವನ ಆಫೀಸಿನ ಮೆಟ್ಟಿಲು ಹತ್ತಿ ಮೇಜಿನ ಮೇಲೆ ಸುರಿದು, "ಮರೆತು ಬಂದಿದ್ರಿ ಸಾರ್" ಎಂದಳು. ಅವನು ಆಮೇಲೆ ಕಡಲೆಕಾಯಿ ಕಂಡರೆ ಕೈಮುಗಿಯುತ್ತಿದ್ದ.

ಗಂಡ ರಾತ್ರಿ ಪಾಳಿಯ ಕಾವಲುಗಾರ. ಹಗಲೆಲ್ಲ ಮಲಗುತ್ತಾನೆ. ರಾತ್ರಿಯೂ ಅದನ್ನೇ ಮಾಡುತ್ತಾನೆಂದು ಹೇಳುವವರ ಬಾಯಿಗೆ ಬೀಗ ಹಾಕುವವರು ಯಾರು? ಆ ಗಂಡನ ತಂಗಿ, ಅಂದರೆ ನಾದಿನಿ, ಕೆಲಸವಿಲ್ಲದೆ ಕೂತಿದ್ದಾಗ ಗುಡಿಸುವವರ ಮೇಲಿನ ಮೇಸ್ತ್ರಿಯ ಕೈಕಾಲು ಹಿಡಿದು ಪಕ್ಕದ ಬೀದಿಯ ಕೆಲಸ ಕೊಡಿಸಿದವಳು ಕನ್ನಡಿಯಕ್ಕನೇ. ಪೊರಕೆ ಹಿಡಿಯುವುದನ್ನು ಕಲಿಸಿದವಳೂ ಅವಳೇ. ಕಲಿಸಿದ್ದು ಸ್ವಲ್ಪ ಹೆಚ್ಚಾಯಿತು ಎಂದು ಈಗ ಅನ್ನಿಸುತ್ತಿತ್ತು. ಯಾಕೆಂದರೆ ವಾರ್ಡಿಗೆ ಒಂದು ಬ್ಯಾಟರಿ ಗಾಡಿ ಬರುವುದಿತ್ತು.

ಒಂದೇ ಒಂದು. ಯಾರ ಬೀದಿ ಎಲ್ಲಕ್ಕಿಂತ ಚೊಕ್ಕಟವೋ ಅವರಿಗೆ ಆ ಗಾಡಿ ಎಂದು ಮೇಸ್ತ್ರಿ ಸಾರಿಬಿಟ್ಟಿದ್ದ. ಕನ್ನಡಿಯಕ್ಕನ ಈಗಿನ ತಳ್ಳುಗಾಡಿಯ ಒಂದು ಚಕ್ರ ಉತ್ತರಕ್ಕೆ ಹೊರಟರೆ ಇನ್ನೊಂದಕ್ಕೆ ದಕ್ಷಿಣದಲ್ಲಿ ಕೆಲಸವಿರುತ್ತದೆ. ಅದರ ಕಿರುಚಾಟಕ್ಕೆ ಎರಡು ಬಡಾವಣೆ ಆಚೆಯ ಕೂಸುಗಳು ಎದ್ದು ಅಳುತ್ತವೆ. ಕಸದ ಡಿಪೋವರೆಗಿನ ಏರು ಹತ್ತುವಷ್ಟರಲ್ಲಿ ಆಕೆಯ ಎಡಮಂಡಿ ನೋವಿನಿಂದ ಹಲ್ಲು ಕಡಿಯುತ್ತಿತ್ತು. ಮಂಡಿಗೆ ಹಲ್ಲಿರುವುದಿಲ್ಲ ಎಂದು ಡಾಕ್ಟರು ಹೇಳಿದರೂ ಆಕೆ ಒಪ್ಪಿರಲಿಲ್ಲ. ಡಾಕ್ಟರು ಏರು ಹತ್ತಬೇಡಿ ಎಂದೂ ಹೇಳಿದ್ದರು. ಅದು ಮಾತ್ರ ಎದೆಗೆ ನಾಟಿತ್ತು. ಗಾಡಿ ಸಿಗದಿದ್ದರೆ ಬೀದಿಯನ್ನೇ ಬಿಡಬೇಕಾದೀತು. ಹಾಗಂತ ಯಾರೆದುರೂ ಬಾಯಿ ಬಿಟ್ಟಿರಲಿಲ್ಲ, ಗಂಡ ಎಚ್ಚರವಿದ್ದಾಗಲೂ.

ಇಂಥ ಹೊತ್ತಿನಲ್ಲಿ ಆ ಮಕ್ಕಳು ಬಂದರು.

ಬೀದಿಯ ತುದಿಯ ಶಾಲೆಯಲ್ಲಿ ಒಂದು ಸೇವಾ ಕ್ಲಬ್ಬು ಇತ್ತು. ಅದರ ನಾಯಕಿ ಎರಡು ಜಡೆಯ, ಕೊರಳಿಗೆ ಸೀಟಿ ಕಟ್ಟಿಕೊಂಡ ಹುಡುಗಿ. ಶಾಲೆಯೆಲ್ಲ ಅವಳನ್ನು ಲೀಡರಮ್ಮ ಅನ್ನುತ್ತಿತ್ತು, ಹೆಡ್‌ಮಾಸ್ಟರು ಕೂಡ, ಅವಳು ಆಚೆ ಹೋದ ಮೇಲೆ. ಕ್ಲಬ್ಬಿನ ಹಣೆಬರಹ ಅಷ್ಟೇನೂ ಚೆನ್ನಾಗಿರಲಿಲ್ಲ. ಸಸಿ ನೆಡುವ ಸೇವೆಯಲ್ಲಿ ಫುಟ್‌ಬಾಲ್ ಮೈದಾನದ ಗೋಲಿನ ಬಾಯಿಗೇ ನೆಟ್ಟು, ಇಡೀ ವರ್ಷ ಶಾಲೆಯಲ್ಲಿ ಯಾರಿಗೂ ಒಂದೂ ಗೋಲು ಹೊಡೆಯಲಾಗದಂತೆ ಮಾಡಿದ್ದರು. ಗಿಡಗಳಿಗೆ ನೀರೆರೆಯುವ ಸೇವೆಯಲ್ಲಿ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಗಿಡಗಳಿಗೆ ರಜೆಯುದ್ದಕ್ಕೂ ನೀರೆರೆದರು. ಅವು ಪ್ಲಾಸ್ಟಿಕ್ಕಿನವು. ಅದರಲ್ಲೊಂದು ಎರಡು ಎಲೆ ಹೆಚ್ಚಿಗೆ ಬಿಟ್ಟಿತ್ತೆಂದು ಕ್ಲಬ್ಬಿನ ಹುಡುಗನೊಬ್ಬ ಈಗಲೂ ಆಣೆ ಮಾಡುತ್ತಾನೆ. ಇನ್ನೊಂದು ಸೇವೆ ಹೀಗಾದರೆ ಕ್ಲಬ್ಬು ಮುಚ್ಚಿ, ಕೋಣೆಯನ್ನು ಹಾಡಿನ ಕ್ಲಾಸಿಗೆ ಕೊಡುತ್ತೇನೆಂದು ಹೆಡ್‌ಮಾಸ್ಟರು ಹೇಳಿಯಾಗಿತ್ತು.

ಕನ್ನಡಿಯಕ್ಕ ಮರದ ಕೆಳಗೆ ಕಾಲು ಚಾಚಿ ಟೀ ಕುಡಿಯುತ್ತಿದ್ದಳು. ಲೀಡರಮ್ಮ ದಂಡು ಕಟ್ಟಿಕೊಂಡು ಎದುರಿಗೆ ನಿಂತಳು.

"ಅಕ್ಕ, ಒಂದು ಕಂಪ್ಲೇಂಟ್ ಇದೆ."

"ಯಾರ ಮೇಲೆ?"

"ನಿಮ್ಮ ಮೇಲೆ. ಬೀದೀಲಿ ಕಸಾನೇ ಇಲ್ಲ."

ಇಂಥ ದೂರನ್ನು ಆಕೆ ಜನ್ಮದಲ್ಲಿ ಕೇಳಿರಲಿಲ್ಲ. ಟೀ ಮೂಗಿಗೆ ಹತ್ತಿತು.

ವಿಷಯ ಇಷ್ಟು. ಶನಿವಾರ ಕ್ಲಬ್ಬಿನವರು ಬೀದಿ ಸ್ವಚ್ಛ ಮಾಡಬೇಕು. ಗುಡಿಸುವ ಮುಂಚೆ ಒಂದು ಫೋಟೊ, ಗುಡಿಸಿದ ಮೇಲೆ ಒಂದು ಫೋಟೊ ಬೇಕೆಂದು ಅವರ ಟೀಚರ್ ಹೇಳಿದ್ದಾರೆ. ಆದರೆ ಈ ಬೀದಿಯಲ್ಲಿ ಮುಂಚೆಯೂ ಒಂದೇ, ಆಮೇಲೆಯೂ ಒಂದೇ.

"ಊರಲ್ಲಿ ಬೇರೆ ಎಲ್ಲೂ ಕಸ ಸಿಗಲಿಲ್ವಾ ನಿಮಗೆ?"

"ಬೇಕಾದಷ್ಟಿದೆ ಅಕ್ಕ. ಆದ್ರೆ ದೊಡ್ಡ ರಸ್ತೆ ದಾಟೋ ಹಾಗಿಲ್ಲ. ದಾಟದೇ ಹೋಗೋಕಿರೋದು ನಿಮ್ಮ ಬೀದಿ, ಪಕ್ಕದ ಬೀದಿ, ಎರಡೇ. ಆ ಅಕ್ಕನ್ನ ಕೇಳಿದ್ವಿ. ಪೊರಕೆ ಎತ್ಕೊಂಡು ಅಟ್ಟಿಸಿಕೊಂಡು ಬಂದ್ರು."

"ನಮ್ಮ ನಾದಿನೀನಾ? ಮಕ್ಕಳನ್ನ ಅಟ್ಟಿಸಿಕೊಂಡು ಬಂದಳಾ?"

"ಶಾಲೆ ಗೇಟಿನವರೆಗೂ. ಇವನ ಊಟದ ಡಬ್ಬಿ ಅಲ್ಲೇ ಬಿದ್ದುಹೋಯ್ತು. ಅದನ್ನೂ ಗುಡಿಸಿಬಿಟ್ರು."

ಕನ್ನಡಿಯಕ್ಕನ ಮುಖ ಅರಳಿತು. ನಾದಿನಿ ಇಲ್ಲ ಅಂದದ್ದಕ್ಕೆ ಹೂಂ ಅನ್ನುವುದರಲ್ಲಿ ಆಕೆಗೆ ಸಿಗುವ ಸುಖ ಟೀಯಲ್ಲೂ ಇರಲಿಲ್ಲ. ಮನಸ್ಸಿನಲ್ಲೇ ಕೂಡಿ ಕಳೆದಳು: ಮೇಸ್ತ್ರಿ ಬೀದಿ ನೋಡಲು ಬರುವುದು ಸೋಮವಾರ. ಮಕ್ಕಳು ಗುಡಿಸುವುದು ಶನಿವಾರ. ನಡುವೆ ಭಾನುವಾರ ಇದೆ, ಉಜ್ಜಿ ತಿಕ್ಕಿ ಹೊಳಪು ಕೊಡಬಹುದು. ಒಂದು ದಿನ ಮಂಡಿಗೂ ವಿಶ್ರಾಂತಿ.

"ಸರಿ. ಆದ್ರೆ ಕಸ ನೀವೇ ತರಬೇಕು. ನನ್ನ ಹತ್ರ ಇಲ್ಲ."

ಶನಿವಾರ ಬೆಳಿಗ್ಗೆ ಮಕ್ಕಳು ಕಸ ತಂದರು. ಒಬ್ಬಳು ಬಾಳೆಹಣ್ಣಿನ ಸಿಪ್ಪೆಯನ್ನು ತೊಳೆದು, ಮಡಿಸಿ, ಟಿಶ್ಯೂ ಕಾಗದದಲ್ಲಿ ಸುತ್ತಿ ತಂದಿದ್ದಳು. ಇನ್ನೊಬ್ಬ ಹಾಲಿನ ಪ್ಯಾಕೆಟ್ಟುಗಳನ್ನು ಒಣಗಿಸಿ ರಬ್ಬರ್ ಬ್ಯಾಂಡು ಹಾಕಿದ್ದ. ಹಳೇ ಪೇಪರುಗಳು ತಾರೀಕಿನ ಪ್ರಕಾರ ಜೋಡಿಸಿದ್ದವು. ಕೊರಳಿಗೆ ಅಪ್ಪನ ಕ್ಯಾಮೆರಾ ನೇತುಹಾಕಿಕೊಂಡಿದ್ದ ಹುಡುಗನನ್ನು ಎಲ್ಲರೂ ಕ್ಯಾಮೆರಾ ಎಂದೇ ಕರೆಯುತ್ತಿದ್ದರು. ಅವನು ಪೆನ್ಸಿಲ್ ಹೆರೆದ ಪುಡಿಯನ್ನು ಒಂದು ಸೀಸೆಯಲ್ಲಿ ತುಂಬಿ, ಮುಚ್ಚಳ ಹಾಕಿಕೊಂಡು ಬಂದಿದ್ದ.

ಕನ್ನಡಿಯಕ್ಕ ಸೊಂಟದ ಮೇಲೆ ಕೈಯಿಟ್ಟು ನೋಡಿದಳು.

"ಇದು ಕಸಾನಾ? ಅಂಗಡೀಲಿಟ್ರೆ ಜನ ಕ್ಯೂ ನಿಲ್ತಾರೆ."

"ಅಮ್ಮ ಹಾಗೇ ಕೊಟ್ಟಿದ್ದು" ಎಂದ ಹಾಲಿನ ಹುಡುಗ.

"ಸರಿ, ಹಾಕಿ ನೋಡೋಣ."

ಹುಡುಗಿ ಸಿಪ್ಪೆಯನ್ನು ರಸ್ತೆಯ ಅಂಚಿನಲ್ಲಿ ಮೆಲ್ಲಗೆ ಇಟ್ಟಳು, ಮಲಗಿದ ಕೂಸನ್ನು ತೊಟ್ಟಿಲಿಗೆ ಹಾಕುವ ಹಾಗೆ. ಆಮೇಲೆ ಅದು ಸೊಟ್ಟಗಿದೆಯೆಂದು ನೇರ ಮಾಡಿದಳು. ಹಾಲಿನ ಹುಡುಗ ಒಂದು ಪ್ಯಾಕೆಟ್ಟು ಕೆಳಗೆ ಬಿಟ್ಟು "ಸಾರಿ" ಎಂದ. ಯಾರಿಗೆಂದು ಅವನಿಗೂ ಗೊತ್ತಿರಲಿಲ್ಲ. ಎಲ್ಲರಿಗಿಂತ ಚಿಕ್ಕವನು ಕಾಗದವೊಂದನ್ನು ಬೀಳಿಸುವುದು, ಅಭ್ಯಾಸಬಲದಿಂದ ತಾನೇ ಎತ್ತಿಕೊಳ್ಳುವುದು, ಮತ್ತೆ ಬೀಳಿಸುವುದು, ಹೀಗೆ ಅವನ ಪಾಡಿಗೆ ವ್ಯಾಯಾಮ ಮಾಡುತ್ತಿದ್ದ.

"ಅಯ್ಯೋ ನನ್ನ ಕರ್ಮ" ಎಂದಳು ಕನ್ನಡಿಯಕ್ಕ. "ಕಸ ಹಾಕೋರು ಯಾರಾದ್ರೂ ಅದರ ಮುಖ ನೋಡ್ತಾರೇನ್ರೋ? ಮುಖ ಆ ಕಡೆ ಇರಬೇಕು, ಕೈ ಈ ಕಡೆ. ಬಾಯಲ್ಲಿ ಬೇರೆ ಏನೋ ಮಾತಾಡ್ತಿರಬೇಕು. ಕಸಕ್ಕೂ ನನಗೂ ಸಂಬಂಧಾನೇ ಇಲ್ಲ ಅನ್ನೋ ಹಾಗೆ ನಡೀತಾ ಇರಬೇಕು. ಎಲ್ಲಿ, ನೋಡಿ."

ಆಕೆ ಒಂದು ಪೇಪರು ತೆಗೆದುಕೊಂಡು, ಆಕಾಶ ನೋಡುತ್ತ, ಗುನುಗುತ್ತ ನಡೆದಳು. ಪೇಪರು ಯಾವಾಗ ಉಂಡೆಯಾಯಿತೋ, ಯಾವಾಗ ಕೈಬಿಟ್ಟಿತೋ ಯಾರಿಗೂ ಕಾಣಲಿಲ್ಲ. ಚರಂಡಿಯ ಕಲ್ಲಿಗೊರಗಿ ಅದು ಹುಟ್ಟಿದಾಗಿನಿಂದ ಅಲ್ಲೇ ಇದ್ದಂತೆ ಕೂತಿತು. ಮಕ್ಕಳು ಚಪ್ಪಾಳೆ ತಟ್ಟಿದರು.

ಅಲ್ಲಿಗೆ ಆಕೆಯ ತಲೆ ತಿರುಗಿತು. ಇಷ್ಟು ಕಾಲ ಬೇರೆಯವರು ಹಾಕಿದ್ದನ್ನು ಎತ್ತಿ ಎತ್ತಿ, ತಾನೇ ಹಾಕಿದರೆ ಹೇಗೆ ಹಾಕಬಹುದೆಂಬ ಆಸೆ ಒಳಗೆಲ್ಲೋ ಕುದಿಯುತ್ತಿತ್ತೋ ಏನೋ. ಸಿನಿಮಾ ತೆಗೆಯುವವರ ಹಾಗೆ ಕೈ ಬೀಸುತ್ತ ಬೀದಿಯುದ್ದಕ್ಕೂ ಓಡಾಡಿದಳು. "ಟೀ ಲೋಟ ಬೆಂಚಿನ ಕೆಳಗೆ, ಅರ್ಧ ಮರೆಯಾಗಿ. ಆ ಸಿಪ್ಪೆ ಜಾರೋ ಜಾಗದಲ್ಲಿರಬೇಕು. ಪೇಪರು ಒಂದೇ ಕಡೆ ಗುಡ್ಡೆ ಹಾಕಬೇಡ, ಯಾವ ಕಸಕ್ಕೆ ಅಷ್ಟು ಒಗ್ಗಟ್ಟಿರುತ್ತೆ? ಎಲ್ಲಿ, ಒಂಟಿ ಚಪ್ಪಲಿ?"

"ಒಂಟಿ ಚಪ್ಪಲಿ ಯಾಕಕ್ಕ?" ಎಂದಳು ಲೀಡರಮ್ಮ.

"ಒಂಟಿ ಚಪ್ಪಲಿ ಇಲ್ಲದ ಬೀದೀನ ಹೊಲಸು ಬೀದಿ ಅಂತ ಯಾರು ನಂಬ್ತಾರೆ?"

ಯಾರ ಬಳಿಯೂ ಒಂಟಿ ಚಪ್ಪಲಿ ಇರಲಿಲ್ಲ. ಎಲ್ಲರೂ ಚಪ್ಪಲಿಯಲ್ಲಿ ಬಂದಿದ್ದ ಕ್ಯಾಮೆರಾನ ಕಾಲು ನೋಡಿದರು. ಅವನು ಸೇವೆಯೆಂದು ಬಲಗಾಲಿನದನ್ನು ಬಿಚ್ಚಿಕೊಟ್ಟು, ಅಲ್ಲಿಂದ ಮುಂದೆ ಕೊಕ್ಕರೆಯ ಹಾಗೆ ನಿಂತ.

ಕೊನೆಗೆ ಬೀದಿ ತಯಾರಾಯಿತು. ಎಂಥ ಹೊಲಸು ಅಂತೀರಿ. ವಲಸೆ ಹೋದ ಇರುವೆಗಳ ಮೊಮ್ಮಕ್ಕಳು ಸುದ್ದಿ ಕೇಳಿ ವಾಪಸು ಬರುತ್ತಿದ್ದವು. ಕ್ಯಾಮೆರಾ ಒಂಟಿಕಾಲಲ್ಲಿ ಕುಪ್ಪಳಿಸಿ ಫೋಟೊ ತೆಗೆದ. ಆಗಲೇ ಗಾಳಿ ಎದ್ದಿತು. ಒಗ್ಗಟ್ಟಿಲ್ಲದ ಪೇಪರುಗಳೆಲ್ಲ ಆಗ ಒಗ್ಗಟ್ಟಾಗಿ ಎದ್ದು, ಮೂಲೆ ತಿರುಗಿ, ಸಾಲಾಗಿ ಪಕ್ಕದ ಬೀದಿಗೆ ನುಗ್ಗಿದವು.

ಅವು ಹೋದಷ್ಟೇ ವೇಗದಲ್ಲಿ ಅತ್ತ ಕಡೆಯಿಂದ ನಾದಿನಿ ಬಂದಳು. ಒಂದು ಕೈಯಲ್ಲಿ ಪೊರಕೆ, ಇನ್ನೊಂದರಲ್ಲಿ ಮುದುರಿದ ಪೇಪರು.

"ಯಾವನೋ ಅವನು ನನ್ನ ಬೀದಿಗೆ..." ಎಂದು ಶುರು ಮಾಡಿದವಳು ಬೀದಿ ನೋಡಿ ಬಾಯಿ ಹಾಗೇ ತೆರೆದುಕೊಂಡು ನಿಂತಳು. ಆಮೇಲೆ ಅವಳ ಮುಖದ ಮೇಲೆ ನಗು ಹಬ್ಬಿತು, ಮೊದಲು ಒಂದು ಕೆನ್ನೆ, ಆಮೇಲೆ ಇನ್ನೊಂದು.

"ಅತ್ತಿಗೇ, ಹುಷಾರಿದ್ದೀರಾ? ಜ್ವರ ಗಿರ ಬಂದಿದೆಯಾ?"

"ನಿನ್ನ ಬೀದಿ ನೋಡ್ಕೋ ಹೋಗೆ."

"ನನ್ನ ಬೀದೀನೇ ನೋಡ್ತಿದ್ದೆ, ನಿಮ್ಮ ಬೀದೀನೇ ಅಲ್ಲಿಗೆ ಬಂತು. ಇದನ್ನ ಮೇಸ್ತ್ರಿ ನೋಡಬೇಕಿತ್ತು."

"ಅವರು ಬರೋದು ಸೋಮವಾರ."

ಆ ಮಾತಿಗೆ ಉತ್ತರವಾಗಿ ದೊಡ್ಡ ರಸ್ತೆಯ ತಿರುವಿನಲ್ಲಿ ಒಂದು ಹೊಟ್ಟೆ ಕಾಣಿಸಿತು. ಹೊಟ್ಟೆ ಮೊದಲು ತಿರುವು ದಾಟಿತು, ಆಮೇಲೆ ಸ್ಕೂಟರು, ಆಮೇಲೆ ಮೇಸ್ತ್ರಿ. ಅವನ ಹಿಂದೆ ಛತ್ರಿ ಹಿಡಿದು ಕ್ಲಬ್ಬಿನ ಟೀಚರ್ ನಡೆದು ಬರುತ್ತಿದ್ದರು.

ನಡೆದದ್ದು ಇದು. ಸೇವೆಯೆಂದ ಮೇಲೆ ಮುಖ್ಯ ಅತಿಥಿ ಬೇಡವೇ ಎಂದು ಟೀಚರಿಗೆ ಹೊಳೆದಿದೆ. ನೆಟ್ಟಗೆ ಮೇಸ್ತ್ರಿಯ ಆಫೀಸಿಗೆ ಹೋಗಿ ಕರೆದಿದ್ದಾರೆ. ಹೇಗಿದ್ದರೂ ಆ ಬೀದಿ ನೋಡಬೇಕಲ್ಲ, ಎರಡು ಕೆಲಸ ಒಂದೇ ಸಲ ಮುಗಿಯಲಿ ಎಂದು ಅವನೂ ಒಪ್ಪಿದ್ದಾನೆ. ಮಕ್ಕಳಿಗೆ ಖುಷಿಯಾಗಲೆಂದು ಟೀಚರ್ ಇದನ್ನು ಯಾರಿಗೂ ಹೇಳಿರಲಿಲ್ಲ.

"ಅಬ್ಬಾ, ಎಷ್ಟೊಂದು ಕಸ" ಎಂದರು ಟೀಚರ್, ಸಂತೋಷದಿಂದ. "ತುಂಬಾ ಚೆನ್ನಾಗಿದೆ. ಮಕ್ಕಳೇ, ಇವತ್ತಿನ ಮುಖ್ಯ ಅತಿಥಿ ಇವರೇ."

ಮೇಸ್ತ್ರಿ ಕಪ್ಪು ಕನ್ನಡಕ ತೆಗೆದ. ಒರೆಸಿದ. ಮತ್ತೆ ಹಾಕಿಕೊಂಡ. ಕಸ ಅಲ್ಲೇ ಇತ್ತು.

"ಏನಮ್ಮಾ ಇದು? ಇದಾ ನಿನ್ನ ಕನ್ನಡಿ? ಗಾಡಿ ಕೊಡೋ ಮಾತು ಹಾಗಿರಲಿ, ಕೈಲಿರೋ ಪೊರಕೇನೂ ಕಿತ್ಕೋಬೇಕು."

ಏರು, ಕಿರುಚುವ ಚಕ್ರ, ಮಂಡಿ, ಬೀದಿ ಬಿಟ್ಟು ಮನೆಯಲ್ಲಿ ಮಲಗಿದ ಗಂಡನ ಗೊರಕೆ ಕೇಳುತ್ತ ಕೂರುವ ದಿನಗಳು, ಎಲ್ಲ ಒಟ್ಟಿಗೆ ಕನ್ನಡಿಯಕ್ಕನ ಕಣ್ಣ ಮುಂದೆ ಬಂದವು. ಪಕ್ಕದಲ್ಲಿ ಲೀಡರಮ್ಮ ಬಿಳಿಚಿಕೊಂಡಿದ್ದಳು.

"ಸರ್, ಅಕ್ಕಂದು ಏನೂ ತಪ್ಪಿಲ್ಲ, ನಾವೇ..."

ಕನ್ನಡಿಯಕ್ಕ ಅವಳ ಕಾಲು ತುಳಿದಳು. ಸತ್ಯ ಹೇಳಿದರೆ ಗಾಡಿ ಉಳಿಯಬಹುದು. ಆದರೆ ಸೇವಾ ಕ್ಲಬ್ಬು ಬೀದಿ ಹೊಲಸು ಮಾಡಿತೆಂದು ಟೀಚರಿಗೆ ಗೊತ್ತಾದ ಮರುಗಳಿಗೆಯೇ ಆ ಕೋಣೆಯಲ್ಲಿ ಸರಿಗಮ ಶುರುವಾಗುತ್ತದೆ. ಅದೂ ಅಲ್ಲದೆ, ಹೊಲಸು ಮಾಡಲು ಹೇಳಿಕೊಟ್ಟವರು ಯಾರು ಅನ್ನುವ ಪ್ರಶ್ನೆಯೂ ಬರುತ್ತದಲ್ಲ. ಅಷ್ಟರಲ್ಲಿ ನಾದಿನಿ ಸಕ್ಕರೆ ಸುರಿಸುತ್ತ ಮುಂದೆ ಬಂದಳು.

"ನಾನು ಹೇಳ್ತೀನಿ ಮೇಸ್ತ್ರಿಗಳೇ. ನಮ್ಮ ಅತ್ತಿಗೆ ಇದಾರಲ್ಲ..."

"ನಿಮಗೇ ಅಂತ ಇಟ್ಟಿದ್ದು, ಮೇಸ್ತ್ರಿಗಳೇ" ಎಂದಳು ಕನ್ನಡಿಯಕ್ಕ.

"ಏನು ನನಗೆ?"

"ಈ ಕಸ. ಮುಖ್ಯ ಅತಿಥಿ ಅಂದ ಮೇಲೆ ಮೊದಲು ನೀವೇ ಗುಡಿಸಿ ಶುರು ಮಾಡಬೇಕಲ್ವಾ? ಚೊಕ್ಕಟವಾಗಿರೋ ನೆಲದ ಮೇಲೆ ಪೊರಕೆ ಆಡಿಸಿ ಫೋಟೊ ತೆಗೆಸಿಕೊಂಡ್ರೆ ನೋಡಿದವರು ನಗಲ್ವಾ? ನಿಮ್ಮ ಘನತೆಗೆ ತಕ್ಕ ಹಾಗೆ ಇರಲಿ ಅಂತ ಇವತ್ತು ಬೇಕಂತಲೇ ಗುಡಿಸಿಲ್ಲ. ಫೋಟೊ ಶಾಲೇಲಿ ತೂಗು ಹಾಕ್ತಾರಂತೆ. ಅಲ್ವಾ ಟೀಚರ್?"

"ಹೌದು ಹೌದು. ದೊಡ್ಡದಾಗಿ" ಎಂದರು ಟೀಚರ್.

ಮೇಸ್ತ್ರಿಯ ಕೈ ತಾನಾಗಿ ತಲೆಗೂದಲಿಗೆ ಹೋಯಿತು. ಪೊರಕೆ ಬಿಟ್ಟು ಮೇಸ್ತ್ರಿಯಾದ ಮೇಲೆ ಅವನು ಬಗ್ಗಿದ್ದು ಚಪ್ಪಲಿ ಹಾಕಿಕೊಳ್ಳಲು ಮಾತ್ರ. ಆದರೂ ಕನ್ನಡಿಯಕ್ಕ ಕೊಟ್ಟ ಪೊರಕೆಯನ್ನು ರಾಜದಂಡದ ಹಾಗೆ ಹಿಡಿದು, ಹೊಟ್ಟೆ ಒಳಗೆಳೆದುಕೊಂಡು, ಒಂದು ಬೀಸು ಬೀಸಿದ. ಕ್ಯಾಮೆರಾ ಕ್ಲಿಕ್ ಮಾಡಿದ.

"ಬಂತಾ?"

ಕ್ಯಾಮೆರಾ ಕನ್ನಡಿಯಕ್ಕನ ಮುಖ ನೋಡಿದ. ಕನ್ನಡಿಯಕ್ಕ ಬೀದಿಯ ಆ ತುದಿ ನೋಡಿದಳು. ಹುಡುಗ ಚುರುಕು.

"ಕಣ್ಣು ಮುಚ್ಚಿಬಿಟ್ರಿ ಸರ್. ಇನ್ನೊಂದು ಸಲ, ಸ್ವಲ್ಪ ಮುಂದೆ."

ಇನ್ನೊಂದು ಸಲದಲ್ಲಿ ಸೂರ್ಯ ಅಡ್ಡ ಬಂದ. ಮತ್ತೊಂದರಲ್ಲಿ ನಾಯಿ. ಮರದ ಕೆಳಗೆ ಬೆಳಕು ಸಾಲದು, ಬೆಂಚಿನ ಹತ್ತಿರ ಬೆಳಕು ಹೆಚ್ಚು. "ಪೊರಕೆ ಚಲಿಸ್ತಾ ಇರಬೇಕು ಸರ್, ನಿಂತ್ರೆ ನಾಟಕ ಅನ್ಸುತ್ತೆ" ಎಂದು ಕ್ಯಾಮೆರಾ ಒಂಟಿಕಾಲಲ್ಲಿ ಕುಪ್ಪಳಿಸುತ್ತ ಹಿಂದೆ ಹಿಂದೆ ಹೋದ. ಮೇಸ್ತ್ರಿ ಗುಡಿಸುತ್ತ ಮುಂದೆ ಮುಂದೆ ಬಂದ. ಮಕ್ಕಳು ಇಕ್ಕೆಲದಲ್ಲಿ ಸಿಪ್ಪೆ, ಪ್ಯಾಕೆಟ್ಟು, ಟೀ ಲೋಟ ಎತ್ತಿಕೊಳ್ಳುತ್ತ ಜೊತೆಗೇ ಸಾಗಿದರು. ಎತ್ತುವುದರಲ್ಲಿ ಅವರನ್ನು ಮೀರಿಸುವವರು ಯಾರು? ಮೇಸ್ತ್ರಿಯ ಬೆವರಿಗೆ ಧೂಳೆಲ್ಲ ಅಡಗಿ, ನೀರು ಚಿಮುಕಿಸುವ ಕೆಲಸವೂ ತಪ್ಪಿತು.

ಮೂಲೆ ಮುಟ್ಟಿದಾಗ ಅವನು ಪೊರಕೆಗೆ ಆತುಕೊಂಡು ನಿಂತು ಹಿಂದೆ ನೋಡಿದ. ಬೀದಿ ಫಳಫಳ ಅನ್ನುತ್ತಿತ್ತು. ಕಣ್ಣಲ್ಲಿ ನೀರಾಡಿತು. ಸೊಂಟ ಹಿಡಿದುಕೊಂಡದ್ದಕ್ಕೂ ಇರಬಹುದು. ಆಮೇಲೆ ಮುಂದೆ ನೋಡಿದ. ಗಾಳಿ ಹೊತ್ತು ತಂದ ಪೇಪರುಗಳು ನಾದಿನಿಯ ಬೀದಿಯ ತುಂಬ ಮೈಚಾಚಿ ಮಲಗಿದ್ದವು.

"ಇದ್ಯಾರ ಬೀದಿ?"

"ನನ್ನದೇ. ಆದ್ರೆ ಆ ಕಸ ಅತ್ತಿಗೇದು ಮೇಸ್ತ್ರಿಗಳೇ" ಎಂದಳು ನಾದಿನಿ. ಸಕ್ಕರೆ ಅಷ್ಟೂ ಕರಗಿಹೋಗಿತ್ತು. "ಅವರ ಬೀದಿಯಿಂದಲೇ ಹಾರಿ ಬಂದಿದ್ದು."

"ಯಾವ ಬೀದಿಯಿಂದ?" ಮೇಸ್ತ್ರಿ ಪೊರಕೆ ಎತ್ತಿ ಹಿಂದೆ ತೋರಿಸಿದ. "ಆ ಬೀದಿಯಿಂದ? ನಾನು, ಈ ಕೈಯಾರೆ ಗುಡಿಸಿರೋ ಬೀದೀಲಿ ಕಸ ಇದೆ ಅಂತೀಯಾ ನೀನು?"

ಟೀಚರ್ ಇದ್ದರು, ಮಕ್ಕಳಿದ್ದರು, ಕ್ಷೌರದಂಗಡಿಯವನು ಕತ್ತರಿ ಹಿಡಿದೇ ಹೊರಗೆ ಬಂದಿದ್ದ. ಇಷ್ಟು ಜನರ ಎದುರು ಮೇಸ್ತ್ರಿ ತಾನು ಗುಡಿಸಿದ್ದಕ್ಕಿಂತ ಚೊಕ್ಕಟವಾದ ಬೀದಿ ಇನ್ನೊಂದಿದೆಯೆಂದು ಹೇಗೆ ಒಪ್ಪಿಯಾನು? ಗಾಡಿ ಯಾರಿಗೆಂಬುದು ಅಲ್ಲೇ, ನಿಂತ ನಿಲುವಿನಲ್ಲೇ ತೀರ್ಮಾನವಾಯಿತು. ಸೊಂಟದ ದೆಸೆಯಿಂದ ಅವನು ಸ್ವಲ್ಪ ದಿನ ಆ ನಿಲುವಿನಲ್ಲೇ ಓಡಾಡಿದ.

ಕ್ಲಬ್ಬೂ ಉಳಿಯಿತು. ಶಾಲೆಯ ಗೋಡೆಯ ಮೇಲೆ ದೊಡ್ಡ ಫೋಟೊ ಬಂತು: ಪೂರ್ತಿ ಮೇಸ್ತ್ರಿ, ಅವನ ಹೊಟ್ಟೆಯ ಒಂದು ಅಂಚಿನಲ್ಲಿ ಎರಡು ಜಡೆಯ ತುದಿ. ಹಾಡಿನ ಕ್ಲಾಸಿನವರು ಈಗಲೂ ಮರದ ಕೆಳಗೇ ಹಾಡುತ್ತಾರೆ.

ಬ್ಯಾಟರಿ ಗಾಡಿ ಬಂತು. ಹಸಿರು ಬಣ್ಣ, ಸದ್ದಿಲ್ಲ, ಕೂರಲು ಮೆತ್ತನೆಯ ಸೀಟು. ಡಿಪೋ ಏರನ್ನು ಕನ್ನಡಿಯಕ್ಕ ಕಾಲಮೇಲೆ ಕಾಲು ಹಾಕಿಕೊಂಡು ಹತ್ತಿದಳು. ಮಂಡಿ ಹಲ್ಲು ಕಡಿಯುವುದನ್ನು ಬಿಟ್ಟಿತು. ಒಂದೇ ಒಂದು ತೊಂದರೆ: ಗಾಡಿಯನ್ನು ಹಿಂದಕ್ಕೆ ಬಿಡುವುದು ಮಾತ್ರ ಆಕೆಗೆ ಒಲಿಯಲಿಲ್ಲ. ಲೀಡರಮ್ಮ ಹಿಂದೆ ನಿಂತು ಸೀಟಿ ಊದಿದಳು, ಕೈಸನ್ನೆ ಮಾಡಿದಳು. ಗಾಡಿ ಪ್ರತಿಸಲವೂ ಮುಂದಕ್ಕೇ ಹೋಯಿತು. "ಹುಟ್ಟಿದಾಗಿನಿಂದ ಹಿಂದೆ ಹೋಗಿ ಗೊತ್ತಿಲ್ಲ ನನಗೆ, ಈಗ ಕಲಿ ಅಂದ್ರೆ?" ಎಂದಳು ಕನ್ನಡಿಯಕ್ಕ. ಬೀದಿಯೋ ಗಾಡಿ ತಿರುಗಿಸಲು ಆಗದಷ್ಟು ಕಿರಿದು. ಹಿಂದಕ್ಕೆ ಬಾರದ ಗಾಡಿ ಡಿಪೋಗೆ ಹೋಗಬೇಕೆಂದರೆ ದಾರಿ ಒಂದೇ, ಮೂಲೆ ತಿರುಗಿ ನಾದಿನಿಯ ಬೀದಿಯ ಉದ್ದಕ್ಕೂ.

ಮೊದಲ ದಿನವೇ ನಾದಿನಿ ಅಲ್ಲಿ ನಿಂತಿದ್ದಳು, ತನ್ನ ಬೀದಿಯ ಕಸವನ್ನೆಲ್ಲ ಚೀಲಗಳಲ್ಲಿ ಕಟ್ಟಿ ರಸ್ತೆಗೆ ಅಡ್ಡಲಾಗಿ ಸಾಲಿಟ್ಟುಕೊಂಡು. ಅದನ್ನು ಹತ್ತಿಸಿಕೊಳ್ಳದೆ ಗಾಡಿ ಮುಂದೆ ಹೋಗುವ ಹಾಗಿರಲಿಲ್ಲ.

"ಅಡ್ಡ ತೆಗೆಯೇ" ಎಂದಳು ಕನ್ನಡಿಯಕ್ಕ.

"ನೀವೇ ಸ್ವಲ್ಪ ಹಿಂದಕ್ಕೆ ತಗೊಳ್ಳಿ ಅತ್ತಿಗೆ" ಎಂದಳು ನಾದಿನಿ.

ಕನ್ನಡಿಯಕ್ಕ ಆಕಾಶ ನೋಡಿದಳು. ನಾದಿನಿ ಚೀಲಗಳನ್ನು ಒಂದೊಂದಾಗಿ ಗಾಡಿಗೆ ಎಸೆದು, ಕೊನೆಗೆ ತನ್ನ ಪೊರಕೆಯನ್ನೂ ಎಸೆದು, ಸೆರಗು ಕೊಡವಿಕೊಂಡು ಸೀಟಿನ ಮೇಲೆ ಅತ್ತಿಗೆಯನ್ನು ಒತ್ತರಿಸಿ ಕೂತಳು.

"ಸರಿಯಾಗಿ ಓಡ್ಸಿ" ಎಂದಳು. "ನನಗೆ ಕುಲುಕಾಟ ಆಗಲ್ಲ."